ಮಾಯವಾದ ಜನರನ್ನು ಪೇಪರ್ ಪಟ್ಟಿಯಲ್ಲಿ ಹುಡುಕಿದ್ದು

ಡೆನ್ವರ್‌ಗೆ ಬಂದ ಹೊಸತರಲ್ಲಿ ನನಗಿದ್ದ ಒಂದೇ ಚಟ ‘ದಿ ಎಕ್ಸ್-ಫೈಲ್ಸ್’ ಅನ್ನುವ ಅಮೆರಿಕದ ಏಲಿಯನ್ ಸೀರಿಯಲ್. ಊಟ ಮುಗಿಸಿ, ಲೈಟ್ ಆರಿಸಿ, ಹಳೇ ಕಂತುಗಳನ್ನು ಒಂದಾದ ಮೇಲೆ ಒಂದು ನೋಡುತ್ತಿದ್ದೆ. ಅದರಲ್ಲಿ ‘ಅನಸಾಜಿ’ ಅಂತ ಒಂದು ಕಂತಿದೆ. ಬಂಡೆಗಳಲ್ಲಿ ಮನೆ ಕಟ್ಟಿ, ಆಮೇಲೆ ಬಿಟ್ಟುಹೋದ ಅಮೆರಿಕದ ಹಳೇ ಮೂಲನಿವಾಸಿಗಳ ಹೆಸರು ಅದು. ಕಂತು 1995ರ ಮೇ 19ರಂದು ಪ್ರಸಾರವಾಗಿದ್ದು, ಎರಡನೇ ಸೀಸನ್ನಿನ ಕೊನೆಯದು. ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ಹೂತುಹೋದ ರೈಲು ಬೋಗಿ, ಅದರೊಳಗೆ ರಾಶಿ ಹೆಣ. ಅಲ್ಲಿನ ನವಾಹೋ ಬುಡಕಟ್ಟಿನ ಅಜ್ಜನೊಬ್ಬ ಸೀರಿಯಲ್‌ನ ನಾಯಕ ಮಲ್ಡರ್‌ಗೆ ಹೇಳುತ್ತಾನೆ: ಅನಸಾಜಿಗಳು ತಾವಾಗಿ ಮಾಯವಾಗಲಿಲ್ಲ, ಹೊರಗಿನಿಂದ ಬಂದವರು ಹೊತ್ತೊಯ್ದರು. ಮೈ ಜುಮ್ಮೆಂದಿತ್ತು.

ಅದನ್ನೇ ಭಾನುವಾರದ ಕನ್ನಡ ತರಗತಿಯಲ್ಲಿ ಕಥೆ ಮಾಡಿ ಹೇಳಿದೆ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಒಬ್ಬಳು ಮಾತ್ರ ಕೈ ಎತ್ತಿ, “ಅಂಕಲ್, ಅವರ ಮೊಮ್ಮಕ್ಕಳು ಇನ್ನೂ ಇದ್ದಾರಂತೆ, ನಮ್ಮ ಟೀಚರ್ ಹೇಳಿದ್ದಾರೆ” ಅಂದಳು. ನಾಲ್ಕನೇ ಕ್ಲಾಸಿನ ಹುಡುಗಿ! ಬಂದ ಪೋಷಕರೆಲ್ಲ ನನ್ನನ್ನೇ ನೋಡುತ್ತಿದ್ದರು.

ಆ ಬೇಸಿಗೆಯಲ್ಲಿ ಚಿತ್ರಾನ್ನ ಕಟ್ಟಿಕೊಂಡು, ಆ ಜನರ ಹಾಳು ಮನೆಗಳಿರುವ ಮೆಸಾ ವರ್ಡೆ ರಾಷ್ಟ್ರೀಯ ಉದ್ಯಾನಕ್ಕೆ ಹೊರಟೆವು. ಕಾರಲ್ಲಿ ಏಳೆಂಟು ಗಂಟೆ. ಬಂಡೆಯ ಹೊಟ್ಟೆಯೊಳಗೆ ಕಟ್ಟಿದ ‘ಕ್ಲಿಫ್ ಪ್ಯಾಲೇಸ್’ನಲ್ಲಿ ಸುಮಾರು 150 ಕೋಣೆಗಳಿವೆ. ನನ್ನ ಕಣ್ಣು ನಿಂತದ್ದು ಕೋಣೆಗಳ ಮೇಲಲ್ಲ. ಕಲ್ಲಿನ ಸಂದಿಗೆ ಮೆತ್ತಿದ ಮಣ್ಣಿನಲ್ಲಿ ಬೆರಳ ಗುರುತುಗಳಿದ್ದವು. ಅಜ್ಜಿ ಒಲೆಗೆ ಮಣ್ಣು ಮೆತ್ತುವಾಗ ಬೀಳುತ್ತಿತ್ತಲ್ಲ, ಥೇಟ್ ಹಾಗೇ.

ನಮ್ಮ ಜೊತೆ ಬಂದ ರೇಂಜರ್ ಒಂದು ಸಲವೂ ‘ಅನಸಾಜಿ’ ಅನ್ನಲಿಲ್ಲ. ‘ಪೂರ್ವಜ ಪ್ಯೂಬ್ಲೋ ಜನ’ ಅಂದರು. ಯಾಕೆ ಅಂತ ಕೇಳಿದೆ. ಅನಸಾಜಿ ಅನ್ನುವುದು ನವಾಹೋ ಮಾತು, ‘ಹಳೇ ಶತ್ರುಗಳು’ ಅಂತ ಹೆಚ್ಚುಕಡಿಮೆ ಅರ್ಥ. ಈಗಿನ ವಂಶದವರಿಗೆ ಅದು ಹಿಡಿಸುವುದಿಲ್ಲ. ಆ ವಂಶದವರಲ್ಲೇ ಒಂದು ಗುಂಪಾದ ಹೋಪಿಗಳು ತಮ್ಮ ಪೂರ್ವಜರನ್ನು ‘ಹಿಸಾತ್ಸಿನೋಮ್’ ಅನ್ನುತ್ತಾರೆ. ಸೀರಿಯಲ್ ಅಜ್ಜ ಅದೇ ಮಾತಿಗೆ ‘ಪುರಾತನ ಏಲಿಯನ್’ ಅಂತ ಅರ್ಥ ಹೇಳಿಬಿಟ್ಟಿದ್ದ. ಅಕ್ಕಪಕ್ಕದವರು ಇಟ್ಟ ಹೆಸರು, ಅದಕ್ಕೂ ತಪ್ಪು ಅರ್ಥ!

ಊರಿಗೆ ವಾಪಸ್ ಬಂದು ಪಾಠವನ್ನು ಹೊಸದಾಗಿ ಕಟ್ಟಿದೆ. ‘ಹೇಗೆ ಮಾಯವಾದರು’ ಅನ್ನುವುದನ್ನು ತೆಗೆದು, ‘ಕೊನೆಯ ಮರವನ್ನು ಯಾವಾಗ ಕಡಿದರು’ ಅಂತ ಶುರು ಮಾಡಿದೆ. ಅಲ್ಲಿ ಸಿಕ್ಕ ಮನುಷ್ಯ ಎ. ಇ. ಡಗ್ಲಾಸ್. ಇವನು ಖಗೋಳದವನು. ಮಂಗಳ ಗ್ರಹದಲ್ಲಿ ಯಾರೋ ಕಾಲುವೆ ತೋಡಿದ್ದಾರೆ ಅಂತ ನಂಬಿದ್ದ ಪರ್ಸಿವಲ್ ಲೋವೆಲ್‌ನ ವೀಕ್ಷಣಾಲಯದಲ್ಲಿ ಕೆಲಸಕ್ಕಿದ್ದ. ಆ ಕಾಲುವೆಗಳ ಮೇಲೆ ಅನುಮಾನಪಟ್ಟ, 1901ರಲ್ಲಿ ಕೆಲಸ ಹೋಯಿತು. ಆಮೇಲೆ ಸೂರ್ಯನ ಕಲೆಗಳ ಲೆಕ್ಕ ಸಿಗಬಹುದೇ ಅಂತ ಮರದೊಳಗೆ ವರ್ಷಕ್ಕೊಂದರಂತೆ ಮೂಡುವ ಉಂಗುರ ಎಣಿಸಲು ಹೊರಟು, ಈ ಹಾಳು ಮನೆಗಳ ತೊಲೆಗಳಿಗೆ ಬಂದು ಮುಟ್ಟಿದ. ಏಲಿಯನ್ ಕಥೆ ಬೇಕು ಅಂದರೆ ಇದಕ್ಕಿಂತ ಒಳ್ಳೇದು ಎಲ್ಲಿದೆ?

ಮಕ್ಕಳಿಗೆ ಇದನ್ನು ಬಾಯಲ್ಲಿ ಹೇಳಿದರೆ ತಲೆಗೆ ಹೋಗಲ್ಲ. ದಪ್ಪ ಕಾಗದದಲ್ಲಿ ಉದ್ದುದ್ದ ಪಟ್ಟಿ ಕತ್ತರಿಸಿದೆ. ಮಳೆ ಚೆನ್ನಾಗಿ ಬಂದ ವರ್ಷಕ್ಕೆ ಗೆರೆಗಳ ನಡುವೆ ಅಗಲ ಜಾಗ, ಬರಕ್ಕೆ ಕಿರಿದು. ಮೊದಲ ಸಲ ಎಡವಟ್ಟಾಯಿತು: ಜಾಗವನ್ನೆಲ್ಲ ಹೆಚ್ಚುಕಡಿಮೆ ಒಂದೇ ಅಳತೆಗೆ ಬಿಟ್ಟಿದ್ದೆ, ಯಾವ ಪಟ್ಟಿ ಎಲ್ಲಿ ಇಟ್ಟರೂ ಕೂರುತ್ತಿತ್ತು. ಎರಡನೇ ಸಲ ಏರುಪೇರು ಜಾಸ್ತಿ ಮಾಡಿದೆ. ಒಂದು ಪಟ್ಟಿ ಇಂದಿನ ಮರದಿಂದ ಹಿಂದಕ್ಕೆ ಹೋಗುತ್ತದೆ. ಇನ್ನೊಂದು ಹಾಳು ಮನೆಗಳದ್ದು, ಆದರೆ ಇಸವಿ ಗೊತ್ತಿಲ್ಲ. ನಡುವೆ ಕೊಂಡಿ ಇಲ್ಲ. ಮಕ್ಕಳು ಹತ್ತು ನಿಮಿಷ ಒದ್ದಾಡಿದ ಮೇಲೆ ಜೇಬಿನಿಂದ ಮೂರನೇ ಪಟ್ಟಿ ತೆಗೆಯುತ್ತೇನೆ. ಅದರ ಅಂಚನ್ನು ಗ್ಯಾಸ್ ಒಲೆಯಲ್ಲಿ ಸ್ವಲ್ಪ ಸುಟ್ಟಿರುತ್ತೇನೆ. ಏಕೆಂದರೆ 1929ರ ಜೂನ್ 22ರಂದು ಅರಿಜೋನಾದ ಶೋ ಲೋ ಊರಲ್ಲಿ ಸಿಕ್ಕ ಆ ತೊಲೆ, ಎಚ್‌ಎಚ್-39, (ಅದಕ್ಕೆ ಕೊಟ್ಟ ಗುರುತಿನ ಸಂಖ್ಯೆ) ಸುಟ್ಟು ಕರಕಲಾಗಿತ್ತು. ಅದರ ತೀರಾ ಒಳಗಿನ ಉಂಗುರ 1237ರದು. ಆ ರಾತ್ರಿಯೇ ಡಗ್ಲಾಸ್ ಎಣಿಸಿ ಎರಡನ್ನೂ ಜೋಡಿಸಿದ.

1276ರಿಂದ 1299ರವರೆಗಿನ ಗೆರೆಗಳನ್ನು ಕೂದಲೆಳೆಯಷ್ಟು ಒತ್ತಾಗಿ ಬರೆದಿದ್ದೇನೆ. ದೊಡ್ಡ ಬರದ ಕಾಲ ಅದು. ಮಕ್ಕಳ ಬೆರಳು ಅಲ್ಲಿಗೆ ಬಂದಾಗ ತಾನಾಗಿ ನಿಧಾನವಾಗುತ್ತದೆ. ಮೆಸಾ ವರ್ಡೆಯಲ್ಲಿ ಕೊನೆಯ ಮರ ಕಡಿದದ್ದೂ ಆ ಬರ ಶುರುವಾದ ಕೆಲವೇ ವರ್ಷಗಳಲ್ಲಿ. 1300ರ ಹೊತ್ತಿಗೆ ಅಲ್ಲಿ ಯಾರೂ ಇಲ್ಲ. ಬರ ಒಂದೇ ಕಾರಣ ಅಂತ ಮಾತ್ರ ನಾನು ಹೇಳಲ್ಲ, ಹಿಂದಿನ ಬರಗಳನ್ನು ಅವರು ತಡೆದುಕೊಂಡಿದ್ದರು. ಆ ಕಾಲದ ಕೆಲವು ಊರುಗಳಲ್ಲಿ ಹೊಡೆದಾಟ, ಕೊಲೆಗಳ ಗುರುತೂ ಸಿಕ್ಕಿದೆ. ಅದನ್ನು ದೊಡ್ಡವರು ಕೇಳಿದರಷ್ಟೇ ಹೇಳುತ್ತೇನೆ.

ಹೋದದ್ದು ಎಲ್ಲಿಗೆ? ದಕ್ಷಿಣಕ್ಕೆ, ರಿಯೋ ಗ್ರಾಂಡೆ ನದಿಯ ಕಡೆ, ಆಕೋಮಾ, ಜೂನಿ, ಹೋಪಿ ಊರುಗಳ ಕಡೆ. ನ್ಯೂ ಮೆಕ್ಸಿಕೋದಲ್ಲೇ ಈಗಲೂ ಆ ವಂಶದವರ 19 ಪ್ಯೂಬ್ಲೋ ಊರುಗಳಿವೆ. ನಮ್ಮ ಮಕ್ಕಳಿಗೆ ನಾನು ಬೇಚರಾಕ್ ಹಳ್ಳಿಯ ಉದಾಹರಣೆ ಕೊಡುತ್ತೇನೆ. ಊರು ಹಾಳಾಗಿದೆ, ಜನ ಪಕ್ಕದೂರಲ್ಲಿದ್ದಾರೆ, ದೇವರು ಮಾತ್ರ ಅಲ್ಲೇ, ವರ್ಷಕ್ಕೊಮ್ಮೆ ಹೋಗಿ ಪೂಜೆ ಮಾಡಿ ಬರುತ್ತಾರೆ. ಅವರನ್ನು ಯಾರೋ ಹೊತ್ತೊಯ್ದರು ಅಂತ ನಮ್ಮೂರಲ್ಲಿ ಯಾರೂ ಅಂದಿದ್ದು ಕೇಳಿಲ್ಲ.

ಸೀರಿಯಲ್ ಬಿಟ್ಟಿಲ್ಲ ನಾನು. ಪಾಠದ ಕೊನೆಗೆ ಅದರದೇ ಒಂದು ಚಿತ್ರ ತೋರಿಸುತ್ತೇನೆ. ಆ ಕೆಂಪು ಬಂಡೆಗಳು ನ್ಯೂ ಮೆಕ್ಸಿಕೋದವಲ್ಲ, ಕೆನಡಾದ ವ್ಯಾಂಕೂವರ್ ಕಡೆಯ ಕಲ್ಲುಕ್ವಾರಿಗೆ ಕೆಂಪು ಬಣ್ಣ ಬಳಿದದ್ದು ಅಂದರೆ ಮಕ್ಕಳಿಗೆ ಭಾರೀ ಖುಷಿ. ಈ ವರ್ಷ ಟರ್ಕಿ ಕೋಳಿಯನ್ನೂ ಸೇರಿಸಿದೆ. ಮೆಸಾ ವರ್ಡೆಯವರು ಸಾಕಿದ್ದ ಟರ್ಕಿಗಳ ಡಿಎನ್‌ಎ ವಂಶ, ಆಮೇಲೆ ರಿಯೋ ಗ್ರಾಂಡೆ ಕಡೆ ಕಾಣುವ ಟರ್ಕಿಗಳಲ್ಲೂ ಇದೆ. ಅವರ ಜೊತೆಗೇ ಬಂದಿರಬೇಕು. ಅದೇ ಹುಡುಗಿ, ಈಗ ಆರನೇ ಕ್ಲಾಸು, ಮತ್ತೆ ಕೈ ಎತ್ತಿದಳು: “ಅಷ್ಟು ದೂರ ಕೋಳಿಗಳನ್ನ ನಡೆಸಿಕೊಂಡು ಹೋದ್ರಾ, ಎತ್ಕೊಂಡು ಹೋದ್ರಾ ಅಂಕಲ್?”

ಮುಂದಿನ ಭಾನುವಾರ ಹೇಳ್ತೀನಮ್ಮ ಅಂದು ಪಟ್ಟಿಗಳನ್ನು ಡಬ್ಬಿಗೆ ತುಂಬಿದೆ.