ಹುಲ್ಲು ಜಗಿಯುತ್ತಿದ್ದ ಚಾಫ್ ಕಟರ್ ಸರಿಹೋಯ್ತು

ನಮ್ಮೂರು ಶಿರಾ ಕಡೆ. ಮನೇಲಿ ಹಳ್ಳಿಕಾರ್ ಎತ್ತು, ಕರು ಇವೆ. ಮೇವು ಕತ್ತರಿಸೋಕೆ ಅಪ್ಪನ ಕಾಲದ ಕೈ ಚಾಫ್ ಕಟರ್, ಆಮೇಲೆ ಮೋಟಾರ್ ಕೂರಿಸಿದ್ದು. ಈ ಬೇಸಿಗೆಯಲ್ಲಿ ಅದು ರಾಗಿ ಹುಲ್ಲನ್ನು ಕತ್ತರಿಸದೆ ಜಗಿಯೋಕೆ ಶುರು ಮಾಡಿತು. ತುಂಡು ಗೇಣುದ್ದ, ತುದಿಯೆಲ್ಲ ನಾರು ನಾರು. ದನಗಳು ಎಲೆ ಆರಿಸಿ ತಿಂದು ಕಡ್ಡಿಯನ್ನು ಗೋದಲಿಯಲ್ಲೇ ಬಿಡುತ್ತಿದ್ದವು.

ದೊಡ್ಡ ಮೋಟಾರ್ ಹಾಕಿಸಿ ಅಂತ ಒಬ್ಬ ಮೆಕ್ಯಾನಿಕ್ ಹೇಳಿದರು. ಸುಮ್ನೆ ದುಡ್ಡು ದಂಡ ಅನ್ನಿಸಿತು, ಹುಲ್ಲು ಕಡಿಯೋದು ಬ್ಲೇಡು ತಾನೇ?

ಫ್ಯೂಸ್ ತೆಗೆದೆ, ಬೆಲ್ಟ್ ಬಿಚ್ಚಿದೆ, ಚಕ್ರವನ್ನು ಕೈಯಲ್ಲೇ ನಿಧಾನಕ್ಕೆ ತಿರುಗಿಸಿದೆ. ಬ್ಲೇಡಿಗೂ ಅದರೆದುರಿನ ಕಬ್ಬಿಣದ ಪಟ್ಟಿಗೂ ನಡುವೆ ಒಂದು ಕಡೆ ರಟ್ಟು ತೂರುವಷ್ಟು ಸಂದು! ಪಟ್ಟಿಯ ಅಂಚು ಬೇರೆ ಸವೆದು ದುಂಡಗಾಗಿತ್ತು. ಬಿಚ್ಚಿ ನೋಡಿದರೆ ಇನ್ನೊಂದು ಅಂಚು ಹೊಸದರಂತಿತ್ತು. ತಿರುಗಿಸಿ ಹಾಕಿದೆ.

ಬ್ಲೇಡನ್ನು ಇಳಿಜಾರಿನ ಬದಿ ಮಾತ್ರ ಉಜ್ಜಬೇಕು, ಚಪ್ಪಟೆ ಬದಿ ಮುಟ್ಟಬಾರದು. ಗ್ರೈಂಡರಿನಲ್ಲಿ ಆತುರ ಮಾಡಿದರೆ ಅಂಚು ಕಾದು ನೀಲಿಯಾಗುತ್ತದೆ, ಆಮೇಲೆ ಹದ ನಿಲ್ಲಲ್ಲ. ನೀರಲ್ಲಿ ಅದ್ದುತ್ತಾ ಮಾಡಿದೆ. ಕೊನೆಗೆ ಬೋಲ್ಟ್ ಸರಿಸುತ್ತಾ, ನಡುವೆ ಇಟ್ಟ ನ್ಯೂಸ್ ಪೇಪರ್ ಈ ತುದಿಯಿಂದ ಆ ತುದಿವರೆಗೂ ಹರಿಯದೆ ಕತ್ತರಿಸೋವರೆಗೂ ಹೊಂದಿಸಿದೆ. ಎರಡೂ ಬ್ಲೇಡಿಗೆ ಬೇರೆ ಬೇರೆಯಾಗಿ ನೋಡಬೇಕು.

ಈಗ ತುಂಡು ಇಂಚಿನಷ್ಟು ಬರುತ್ತಿದೆ. ಒಣ ಹುಲ್ಲಿನ ಜೊತೆ ಹಸಿ ಜೋಳದ ಮೇವು ಬೆರೆಸಿ ಹಾಕುತ್ತೇನೆ, ಗೋದಲಿ ಹೆಚ್ಚುಕಡಿಮೆ ಖಾಲಿ. ಹಳೇ ಯಂತ್ರಕ್ಕೆ ರಿವರ್ಸ್ ಗೇರ್ ಇಲ್ಲ ಅಲ್ವಾ, ಹುಲ್ಲು ಸಿಕ್ಕಿಕೊಂಡರೆ ಮೊದಲು ಸ್ವಿಚ್ ಆಫ್, ಆಮೇಲೆ ಕೈ.