ಗೂಗಲ್ ಸಮ್ಮರ್ ಆಫ್ ಕೋಡ್: ಅರ್ಜಿಗೆ ಮುಂಚೆಯೇ ಶುರುವಾಗುವ ಕೆಲಸ

ಮುಕ್ತ ತಂತ್ರಾಂಶಗಳಿಗೆ ಕೋಡ್ ಬರೆಯುತ್ತಾ ಸ್ಟೈಪೆಂಡ್ ಪಡೆಯುವ ಈ ಕಾರ್ಯಕ್ರಮ 2005ರಿಂದ ನಡೆಯುತ್ತಿದೆ. 2022ರಿಂದ ವಿದ್ಯಾರ್ಥಿಗಳೇ ಆಗಿರಬೇಕೆಂದಿಲ್ಲ. 18 ತುಂಬಿದ ಹೊಸಬರೂ ಅರ್ಜಿ ಹಾಕಬಹುದು.

ಭಾಗವಹಿಸುವ ಮುಕ್ತ ತಂತ್ರಾಂಶ ಸಂಸ್ಥೆಗಳ ಪಟ್ಟಿ ಸಾಮಾನ್ಯವಾಗಿ ಫೆಬ್ರುವರಿಯ ದ್ವಿತೀಯಾರ್ಧದಲ್ಲಿ ಬರುತ್ತದೆ. ಅರ್ಜಿ ಹಾಕುವ ಅವಧಿ ಮಾರ್ಚ್ ಮಧ್ಯದ ನಂತರ ಸುಮಾರು ಎರಡು ವಾರ. ಆಯ್ಕೆ ಬಹುಪಾಲು ನಿರ್ಧಾರವಾಗುವುದು ಪಟ್ಟಿ ಬಂದ ದಿನದಿಂದ ಅರ್ಜಿ ಮುಗಿಯುವವರೆಗೆ ನೀವು ಮಾಡುವ ಕೆಲಸದಿಂದ.

ಮೂರು ಪ್ರಪೋಸಲ್ (ಏನು ಮಾಡುತ್ತೀರಿ ಎಂದು ವಿವರಿಸುವ ಪ್ರಸ್ತಾವನೆ) ಕಳಿಸಲು ಅವಕಾಶವಿದೆ, ಆದರೆ ಒಂದೋ ಎರಡೋ ಸಾಕು. ಗೊತ್ತಿರುವ ಪ್ರೋಗ್ರಾಮಿಂಗ್ ಭಾಷೆಯ ಯೋಜನೆ ಆರಿಸಿ, ಅದರ ಕೋಡನ್ನು ನಿಮ್ಮ ಕಂಪ್ಯೂಟರಿನಲ್ಲಿ ಬಿಲ್ಡ್ ಮಾಡಿ (ಓಡುವ ತಂತ್ರಾಂಶವಾಗಿಸಿ), ಕೋಡ್ ಸರಿಯಿದೆಯೇ ಎಂದು ನೋಡುವ ಟೆಸ್ಟ್‌ಗಳನ್ನು ಓಡಿಸಿ. ಹೆಚ್ಚಿನವರು ಸೋಲುವುದು ಇಲ್ಲೇ. ಬಿಲ್ಡ್ ಆಗದಿದ್ದರೆ ಸಮುದಾಯದ ಚಾಟ್‌ನಲ್ಲಿ ಎಲ್ಲರ ಮುಂದೆಯೇ ಕೇಳಿ. ಯಾವ ಆಪರೇಟಿಂಗ್ ಸಿಸ್ಟಮ್, ಯಾವ ಕಮಾಂಡ್ ಕೊಟ್ಟಿರಿ, ಪೂರ್ತಿ ಎರರ್ ಏನು ಎಂದು ಬರೆಯಿರಿ. "ಸರ್, ಎಲ್ಲಿಂದ ಶುರು ಮಾಡಲಿ?" ಎಂದು ಮೆಂಟರ್‌ಗೆ (ಸಂಸ್ಥೆಯ ಕಡೆಯ ಮಾರ್ಗದರ್ಶಕರಿಗೆ) ಖಾಸಗಿಯಾಗಿ ಕಳಿಸಿದ ಸಂದೇಶಕ್ಕೆ ಉತ್ತರ ಬರುವುದು ಅಪರೂಪ.

ಆಮೇಲೆ ಬೇರೆಯವರು ಕೈಹಾಕಿರದ ಒಂದು ಸಣ್ಣ ಬಗ್ ಸರಿಪಡಿಸಿ, ಟೆಸ್ಟ್ ಸಮೇತ ಪುಲ್ ರಿಕ್ವೆಸ್ಟ್ (ನಿಮ್ಮ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿ. ಯೋಜನೆಯ ಪರಿಚಯದ ಫೈಲಾದ ರೀಡ್‌ಮಿಯ ಕಾಗುಣಿತ ತಿದ್ದಿದ್ದಕ್ಕೆ ಬೆಲೆಯಿಲ್ಲ. ಎಐ ಬರೆದುಕೊಟ್ಟ, ನಿಮಗೇ ಅರ್ಥವಾಗದ ಕೋಡ್, ರಿವ್ಯೂನ (ಪರಿಶೀಲನೆಯ) ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತದೆ. ಮೆಂಟರ್‌ಗಳು ನೋಡುವುದು ಟೀಕೆ ಬಂದಾಗ ನೀವು ಹೇಗೆ ತಿದ್ದಿಕೊಳ್ಳುತ್ತೀರಿ ಎಂಬುದನ್ನು.

ಪ್ರಪೋಸಲ್‌ನಲ್ಲಿ ಸಮಸ್ಯೆ ಏನು, ಯಾವ ಫೈಲುಗಳಲ್ಲಿ ಏನು ಬದಲಿಸುತ್ತೀರಿ, ವಾರವಾರಕ್ಕೆ ಏನು ಮುಗಿಯುತ್ತದೆ ಎಂಬುದಿರಲಿ. ಯೋಜನೆಗಳು 90, 175 ಅಥವಾ 350 ಗಂಟೆಯವು. 12 ವಾರಕ್ಕೆ ಹಂಚಿದರೆ 350 ಎಂದರೆ ವಾರಕ್ಕೆ ಸುಮಾರು 30 ಗಂಟೆ. ಸೆಮಿಸ್ಟರ್ ಪರೀಕ್ಷೆ ನಡುವೆ ಬಂದರೆ ಮುಚ್ಚಿಡದೆ ದಿನಾಂಕ ಬರೆಯಿರಿ, ಆ ವಾರಗಳನ್ನು ಹಗುರವಾಗಿಡಿ. ಟೆಸ್ಟ್ ಮತ್ತು ದಾಖಲೆ ಬರೆಯುವ ಸಮಯವನ್ನೂ ಸೇರಿಸಿ. ಹೊಸಬರು ಮರೆಯುವುದು ಇದನ್ನೇ. ಕರಡನ್ನು ಕೊನೆಯ ದಿನಕ್ಕೆ ಒಂದು ವಾರ ಮೊದಲೇ ಮೆಂಟರ್‌ಗೆ ತೋರಿಸಿ.

ಪ್ರಪೋಸಲ್‌ನ ಪಿಡಿಎಫ್ ಅಪ್‌ಲೋಡ್ ಮಾಡಿದ ಮೇಲೂ ಗಡುವಿನೊಳಗೆ ಬದಲಿಸಬಹುದು. ಗಡುವು ಸಾಮಾನ್ಯವಾಗಿ ಭಾರತೀಯ ಸಮಯ ರಾತ್ರಿ 11.30, ದಾಟಿದರೆ ವಿನಾಯಿತಿ ಇಲ್ಲ.

ಸ್ಟೈಪೆಂಡ್ ದೇಶಕ್ಕೆ ತಕ್ಕಂತೆ ಬದಲಾಗುತ್ತದೆ. ಭಾರತದಲ್ಲಿ ಇತ್ತೀಚೆಗೆ 350 ಗಂಟೆಯ ಯೋಜನೆಗೆ 3000 ಡಾಲರ್, 175ಕ್ಕೆ ಅದರ ಅರ್ಧ. ಮಧ್ಯಾವಧಿ ಮೌಲ್ಯಮಾಪನ ಪಾಸಾದ ಮೇಲೆ 45%, ಕೊನೆಯದರ ನಂತರ 55%, ಪಯೋನೀರ್ ಎಂಬ ಹಣ ಪಾವತಿ ಸೇವೆಯ ಮೂಲಕ ಬರುತ್ತದೆ. ಮಧ್ಯಾವಧಿಯಲ್ಲಿ ಫೇಲಾದವರಿಗೆ ಮೊದಲ ಕಂತೂ ಸಿಗುವುದಿಲ್ಲ.