ಐವತ್ತರ ಲೆನ್ಸ್ ತಿರುಗಿಸಿ ಡ್ರಿಲ್ ಬಿಟ್ ತೆಗೆದದ್ದು: ನನ್ನ ಅನುಭವ

ಬಿಟ್‌ನ ತುದಿ ಫ್ರೇಮ್ ತುಂಬ ಬರಬೇಕಾದರೆ ನಲವತ್ತು ಐವತ್ತು ಸಾವಿರದ ಮ್ಯಾಕ್ರೋ ಲೆನ್ಸ್ ಬೇಕೇ ಬೇಕು ಎಂದು ಕಾಸರಗೋಡಿನಿಂದ ಮಂಗಳೂರಿನವರೆಗೆ ಕೇಳಿದವರೆಲ್ಲ ಹೇಳಿದರು. ಬೇಡ. ಮಾಮೂಲಿ 50 ಎಂಎಂ ಲೆನ್ಸನ್ನು ಒಂದು ರಿಂಗ್ ಸಹಾಯದಿಂದ ಹಿಂದುಮುಂದಾಗಿ ತಿರುಗಿಸಿ ಕ್ಯಾಮೆರಾಕ್ಕೆ ಹಾಕಿದರೆ ಸಾಕು. ಈಗ 6 ಎಂಎಂ ಬಿಟ್‌ನ ಮೂತಿಯಲ್ಲಿ ಗ್ರೈಂಡರ್ ಕಲ್ಲು ಎಳೆದ ಗೀರುಗಳನ್ನು ಒಂದೊಂದಾಗಿ ಎಣಿಸಬಹುದು, ಅಷ್ಟು ಸ್ಪಷ್ಟವಾಗಿ ಬರುತ್ತಿದೆ. ಮ್ಯಾಕ್ರೋ ಬೇಕೇ ಬೇಕು ಎಂದವರಲ್ಲೇ ಇಬ್ಬರು ರಿಂಗ್ ಎಲ್ಲಿ ಸಿಗುತ್ತದೆ ಎಂದು ಕೇಳಿಯೂ ಆಯಿತು.

ಖರ್ಚು ಮೊದಲು ಹೇಳಿಬಿಡುತ್ತೇನೆ. ಅಪರ್ಚರ್ ರಿಂಗ್ (ಬೆಳಕಿನ ಕಿಂಡಿಯನ್ನು ಕೈಯಲ್ಲೇ ಹಿಗ್ಗಿಸಿ ಕುಗ್ಗಿಸುವ ಬಳೆ) ಇರುವ ಹಳೆಯ ನಿಕಾನ್ 50 ಎಂಎಂ ಎಫ್/1.8 ಸೆಕೆಂಡ್ ಹ್ಯಾಂಡ್ ನಾಲ್ಕು ಸಾವಿರದ ಆಸುಪಾಸು. ರಿವರ್ಸ್ ರಿಂಗ್ ಮುನ್ನೂರು. ಲೆನ್ಸನ್ನು ಕ್ಯಾಮೆರಾದಿಂದ ದೂರ ಸರಿಸುವ, ವಿದ್ಯುತ್ ಕಾಂಟ್ಯಾಕ್ಟ್ ಇಲ್ಲದ ಟ್ಯೂಬ್ ಸೆಟ್ ನಾನೂರು ಐನೂರು. ಗುಜರಿಯ ಕ್ರಾಸ್ ವೈಸ್ (ಹಿಡಿಕೆ ತಿರುಗಿಸಿದರೆ ದವಡೆಯೇ ಅತ್ತಿತ್ತ ಸರಿಯುವ ವೈಸ್) ಸಾವಿರದ ಇನ್ನೂರಕ್ಕೆ ಸಿಕ್ಕಿತು, ಹೊಸತಾದರೆ ದುಪ್ಪಟ್ಟಿಗೂ ಮೇಲೆ. ಕ್ಯಾಮೆರಾ, ಫ್ಲ್ಯಾಶ್ ಮೊದಲೇ ಇದ್ದವು. ಅಪರ್ಚರ್ ರಿಂಗ್ ಇಲ್ಲದ ಲೆನ್ಸ್ ಕೊಳ್ಳಬೇಡಿ. ತಿರುಗಿಸಿ ಹಾಕಿದ ಮೇಲೆ ಎಫ್ ನಂಬರ್ ಬದಲಿಸಲು ಒದ್ದಾಟ.

ರಿಂಗ್ ಮಾತ್ರ ಹಾಕಿದರೆ ಸೆನ್ಸರ್ ಮೇಲೆ ಹೆಚ್ಚುಕಡಿಮೆ ನಿಜಗಾತ್ರ, ಹಿಂದೆ ಸಾಕಷ್ಟು ಟ್ಯೂಬ್ ಸೇರಿಸಿದರೆ ಒಂದೂವರೆ ಪಟ್ಟು. ಲೆಕ್ಕ ಹಾಕುತ್ತ ಕೂರಬೇಡಿ, ಸ್ಟೀಲ್ ಸ್ಕೇಲ್ ಫೋಟೋ ತೆಗೆಯಿರಿ: ಸುಮಾರು 24 ಎಂಎಂ ಅಗಲದ ಕ್ರಾಪ್ ಸೆನ್ಸರ್‌ನಲ್ಲಿ ಅಡ್ಡಕ್ಕೆ 16 ಮಿಲಿಮೀಟರ್ ಕಂಡರೆ ಒಂದೂವರೆ ಪಟ್ಟು ಎಂದೇ ಅರ್ಥ. ಆಗಲೂ ಲೆನ್ಸಿಗೂ ಬಿಟ್‌ಗೂ ನಡುವೆ ಏಳೆಂಟು ಸೆಂಟಿಮೀಟರ್ ಜಾಗ ಉಳಿಯುತ್ತದೆ. ಬೆಳಕು ಒಳಗೆ ತೂರಿಸಲು ಅಷ್ಟು ಬೇಕು.

ಎಫ್/16ಕ್ಕೆ ಮುಚ್ಚಿ ಒಂದೇ ಕ್ಲಿಕ್‌ನಲ್ಲಿ ಮುಗಿಸುವುದು ಎಲ್ಲರೂ ಮೊದಲು ಮಾಡುವ ಕೆಲಸ. ಆಗುವುದಿಲ್ಲ. ಒಂದೂವರೆ ಪಟ್ಟಿನಲ್ಲಿ ಎಫ್/5.6 ಎಂದರೇ ನಿಜದಲ್ಲಿ ಎಫ್/14ರ ಲೆಕ್ಕ, ಎಫ್/11 ಹಾಕಿದರೆ 27 ದಾಟುತ್ತದೆ. ಡಿಫ್ರಾಕ್ಷನ್‌ನಲ್ಲಿ (ಸಣ್ಣ ಕಿಂಡಿಯಲ್ಲಿ ಬೆಳಕು ಹರಡುವುದು) ಗೀರು, ಅಂಚು ಎಲ್ಲ ಮಸುಕು. ಎಫ್/5.6ರಲ್ಲೇ ನಿಲ್ಲಿಸಿ, ಕಾಲು ಮಿಲಿಮೀಟರ್‌ನಷ್ಟು ಆಳ ಮಾತ್ರ ಸ್ಪಷ್ಟ ಎಂದು ಒಪ್ಪಿಕೊಂಡು, ಕ್ಯಾಮೆರಾವನ್ನು ಚೂರು ಚೂರೇ ಸರಿಸುತ್ತ ಹಲವು ಫ್ರೇಮ್ ತೆಗೆದು, ಅವುಗಳ ಸ್ಪಷ್ಟ ಭಾಗಗಳನ್ನು ಕಂಪ್ಯೂಟರಿನಲ್ಲಿ ಒಂದೇ ಚಿತ್ರವಾಗಿ ಪೇರಿಸುವುದೊಂದೇ ದಾರಿ. ಅದಕ್ಕೇ ವೈಸ್.

ವೈಸ್‌ನ ದವಡೆಯಲ್ಲಿ ಹಲಸಿನ ಮರದ ತುಂಡು, ಅದಕ್ಕೆ ಕಾಲಿಂಚಿನ ಬೋಲ್ಟ್‌ನಿಂದ ಕ್ಯಾಮೆರಾ. ಹಾರ್ಡ್‌ವೇರ್ ಅಂಗಡಿಯ ಕಾಲಿಂಚಿನ ಬಿಎಸ್‌ಡಬ್ಲ್ಯೂ ಬೋಲ್ಟ್‌ಗೂ ಇಂಚಿಗೆ 20 ಎಳೆ, ಟ್ರೈಪಾಡ್ ತೂತಿಗೆ ಸರಿ ಕೂರುತ್ತದೆ. ಮರದಿಂದ ಐದು ಮಿಲಿಮೀಟರ್‌ಗಿಂತ ಹೆಚ್ಚು ಹೊರಗೆ ಬಾರದಂತೆ ಕತ್ತರಿಸಿ, ಇಲ್ಲವಾದರೆ ಕ್ಯಾಮೆರಾದ ತಳ ಒಡೆಯುತ್ತದೆ. ನನ್ನ ವೈಸ್ ಒಂದು ಸುತ್ತಿಗೆ ಎರಡೂವರೆ ಮಿಲಿಮೀಟರ್ ಸರಿಯುತ್ತದೆ. ಮಕ್ಕಳ ಕಂಪಾಸ್ ಬಾಕ್ಸಿನ ಪ್ರೊಟ್ರಾಕ್ಟರ್ ಇಟ್ಟು ರಟ್ಟಿನ ಬಿಲ್ಲೆಗೆ 20 ಡಿಗ್ರಿಗೊಂದು ಗೆರೆ ಎಳೆದು ಹಿಡಿಕೆಗೆ ಅಂಟಿಸಿದೆ. ಗೆರೆಗೆ 0.14 ಮಿಲಿಮೀಟರ್. ಫ್ರೇಮ್‌ಗಳು ಒಂದರ ಮೇಲೊಂದು ಚೆನ್ನಾಗಿ ಹೊದೆಯುತ್ತವೆ.

ತುದಿಯ ಕೋನ 118 ಡಿಗ್ರಿ ಇರುವ 6 ಎಂಎಂ ಬಿಟ್‌ನ ಮೂತಿಯ ಎತ್ತರ 1.8 ಮಿಲಿಮೀಟರ್. ಎದುರಿನಿಂದ ತೆಗೆಯಲು ಹದಿಮೂರು ಗೆರೆ, ಹಿಂದೆ ಮುಂದೆ ಎರಡು ಮೂರು ಹೆಚ್ಚು ಹಿಡಿದರೆ ಮುಗಿಯಿತು. 12 ಎಂಎಂ ಆದರೆ ಎತ್ತರವೂ ದುಪ್ಪಟ್ಟು, ಫ್ರೇಮೂ ದುಪ್ಪಟ್ಟು. ಅದಕ್ಕೆ ಟ್ಯೂಬ್ ತೆಗೆದುಬಿಡುವುದೇ ವಾಸಿ. ಗುಜರಿ ವೈಸ್‌ನಲ್ಲಿ ಅರ್ಧ ಸುತ್ತಿನಷ್ಟು ಸಡಿಲ ಇದ್ದೇ ಇರುತ್ತದೆ. ಯಾವಾಗಲೂ ಒಂದೇ ದಿಕ್ಕಿಗೆ ತಿರುಗಿಸಿ. ಗೆರೆ ದಾಟಿತು ಎಂದು ಹಿಂದಕ್ಕೆ ತಿರುಗಿಸಿದರೆ ಆ ಸರಣಿಯೇ ಹಾಳು.

ಬಿಟ್ಟನ್ನು ವೈಸ್‌ನಲ್ಲಿ ಕಚ್ಚಿಸಿ ಕ್ಯಾಮೆರಾವನ್ನು ನಿಲ್ಲಿಸುವುದು ಸುಲಭ ಎನಿಸುತ್ತದೆ. ಹೊಳೆಯುವ ಲೋಹಕ್ಕೆ ಅದು ನಡೆಯುವುದಿಲ್ಲ. ಬಿಟ್ ಸರಿದಂತೆ ಅದರ ಮೇಲಿನ ಪ್ರತಿಬಿಂಬವೂ ಸರಿಯುತ್ತದೆ, ಪೇರಿಸಿದಾಗ ಸುರುಳಿ ತೋಡಿನ, ಅಂದರೆ ಫ್ಲೂಟ್‌ನ ಒಳಗೆ ಹಾಲು ಚೆಲ್ಲಿದ ಹಾಗೆ ಬಿಳಿ ಪಟ್ಟೆ. ಬಿಟ್, ಕಾಗದ, ಫ್ಲ್ಯಾಶ್ ಮೂರೂ ನಿಂತಲ್ಲೇ ಇರಬೇಕು, ಕ್ಯಾಮೆರಾ ಮಾತ್ರ ಸರಿಯಬೇಕು.

ಬೆಳಕಿನ ವಿಚಾರವೇ ಮುಖ್ಯ, ಇಲ್ಲಿ ಅವಸರ ಮಾಡಬೇಡಿ. ಲೋಹದ ಮೇಲೆ ಕಾಣುವುದು ಅದರ ಸುತ್ತಲಿನ ಕಾಗದವೇ ಹೊರತು ಬೇರೇನಲ್ಲ. ಟ್ರೇಸಿಂಗ್ ಪೇಪರ್‌ನ ಆರು ಸೆಂಟಿಮೀಟರ್ ವ್ಯಾಸದ ಕೊಳವೆ ಮಾಡಿ ಬಿಟ್‌ನ ಸುತ್ತ ನಿಲ್ಲಿಸಿ, ಒಂದು ಬದಿಯಿಂದ ಫ್ಲ್ಯಾಶ್ ಬಿಡಿ, ಎದುರು ಬದಿಗೆ ಥರ್ಮೋಕೋಲ್ ತುಂಡು. ಇಷ್ಟಕ್ಕೇ ನಿಲ್ಲಿಸಿದರೆ ಬಿಟ್ ಬೂದಿ ಬಣ್ಣಕ್ಕೆ ತಿರುಗಿ ಪ್ಲಾಸ್ಟಿಕ್‌ನಂತೆ ಕಾಣುತ್ತದೆ. ಕೊಳವೆಯ ಒಳಗೋಡೆಗೆ ಐದು ಮಿಲಿಮೀಟರ್ ಅಗಲದ ಕಪ್ಪು ಕಾಗದದ ಪಟ್ಟಿ ಅಂಟಿಸಿ, ಲೈವ್ ವ್ಯೂ ನೋಡುತ್ತ ಕೊಳವೆಯನ್ನು ನಿಧಾನ ತಿರುಗಿಸಿ. ಪಟ್ಟಿಯ ನೆರಳು ಫ್ಲೂಟ್‌ನ ಅಂಚಿಗೆ ಬಂದಾಗ ಸುರುಳಿ ಎದ್ದು ನಿಲ್ಲುತ್ತದೆ. ಕಪ್ಪು ಆಕ್ಸೈಡ್ ಬಿಟ್‌ಗೆ ಇದು ತಿರುಗಾಮುರುಗಾ: ಕಪ್ಪಿನ ನಡುವೆ ಬಿಳಿ ಪಟ್ಟಿ, ಹಿಂಬದಿಯಿಂದ. ಆ ಪಟ್ಟಿಗೆ ಯಾವ ಕಾಗದ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ಬಹಳ ಹುಡುಕಿ ಸಿಕ್ಕಿದ್ದು. ಚಿನ್ನದ ಬಣ್ಣದ ಟೈಟಾನಿಯಂ ನೈಟ್ರೈಡ್ ಬಿಟ್‌ಗೆ ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಟ್ಟರೆ ಚಿನ್ನ ಹೋಗಿ ಹಿತ್ತಾಳೆ ಉಳಿಯುತ್ತದೆ.

ಪೋಲರೈಸರ್ ಹಾಕು ಎನ್ನುವವರ ಮಾತು ಕೇಳಬೇಡಿ. ಬರಿ ಲೋಹದ ಹೊಳಪನ್ನು ಲೆನ್ಸಿನ ಪೋಲರೈಸರ್ ತೆಗೆಯುವುದಿಲ್ಲ. ಫ್ಲ್ಯಾಶ್‌ಗೂ ಒಂದು ಹಾಕಿ ಅಡ್ಡ ತಿರುಗಿಸಿದರೆ ಲೋಹ ಪೂರ್ತಿ ಕಪ್ಪಾಗುತ್ತದೆ. ಸ್ಕ್ರೂ ಡ್ರೈವರ್‌ನ ಪ್ಲಾಸ್ಟಿಕ್ ಹಿಡಿಕೆಗೆ, ಇಕ್ಕಳದ ರಬ್ಬರ್ ಕವಚಕ್ಕೆ ಮಾತ್ರ ಅದರಿಂದ ಉಪಯೋಗ.

ಮೊಂಡಾದ ಬಿಟ್ಟನ್ನು ಮೊಂಡು ಎಂದೇ ತೋರಿಸಬೇಕಿದ್ದರೆ ಕೊಳವೆ ತೆಗೆದುಬಿಡಿ. ಲೆನ್ಸಿನ ಪಕ್ಕದಿಂದ ಸಣ್ಣ, ಗಡುಸು ಬೆಳಕು ಬಿಟ್ಟರೆ ಮೊಂಡಾದ ಅಂಚು ಬಿಳಿ ಗೆರೆಯಾಗಿ ಮಿನುಗುತ್ತದೆ, ಚೂಪಾದ ಅಂಚು ಕಾಣುವುದೇ ಇಲ್ಲ. ಉಳಿಗೂ ಇದೇ ಪರೀಕ್ಷೆ, ಆಚಾರಿಗಳು ಕಣ್ಣಲ್ಲೇ ಮಾಡುತ್ತಾರೆ. ಮುರಕಲ್ಲು (ಜಂಬಿಟ್ಟಿಗೆ) ಕೊರೆದು ಸವೆದ ಮೇಸನ್ರಿ ಬಿಟ್‌ನಲ್ಲಿ ಕಾರ್ಬೈಡ್ ತುಂಡಿನ ಎರಡು ಹೊರಮೂಲೆಗಳು ದುಂಡಾದದ್ದು ಹೀಗೆ ತೆಗೆದರೆ ತಕ್ಷಣ ಗೊತ್ತಾಗುತ್ತದೆ. ಬೆಸುಗೆಯ ಹಳದಿ ಗೆರೆ ಬೇಕಾದರೆ ಬೆಳಕನ್ನು ಇನ್ನೂ ಕೆಳಗಿಳಿಸಿ. ಕೈಯಲ್ಲಿ ಸಾಣೆ ಹಿಡಿದ ಬಿಟ್‌ಗಳನ್ನು ಎದುರಿನಿಂದ ತೆಗೆದು ನೋಡಿದರೆ ಎರಡು ತುಟಿಗಳ (ಕೊರೆಯುವ ಅಂಚುಗಳ) ಉದ್ದ ಬೇರೆ ಬೇರೆ ಇರುವುದೇ ಹೆಚ್ಚು. ತೂತು ದೊಡ್ಡದಾಗಲು ಕಾರಣ ಅಲ್ಲೇ ಇದೆ.

ಎಲ್‌ಇಡಿ ಬಲ್ಬ್‌ನಲ್ಲಿ ಏಕೆ ಬೇಡ? ಸಂಜೆ ವೋಲ್ಟೇಜ್ ಇಳಿದಾಗ ಫ್ರೇಮ್‌ನಿಂದ ಫ್ರೇಮ್‌ಗೆ ಬೆಳಕು ಬದಲಾಗುತ್ತದೆ, ಅಗ್ಗದ ಬಲ್ಬ್ ಮಿಣುಕಿ ಅಡ್ಡ ಪಟ್ಟೆ ಬೀಳುತ್ತದೆ, ಹೆದ್ದಾರಿಯಲ್ಲಿ ಲಾರಿ ಹೋದರೆ ಮೇಜು ನಡುಗುತ್ತದೆ. ಫ್ಲ್ಯಾಶ್ 1/32 ಪವರ್‌ನಲ್ಲಿ ಒಂದು ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ ಹೊತ್ತು ಮಿಂಚುತ್ತದೆ, ನಡುಕ ಲೆಕ್ಕಕ್ಕೇ ಬರುವುದಿಲ್ಲ. ಐಎಸ್‌ಒ 100, ಶಟರ್ 1/160. ಪ್ರತಿ ಕ್ಲಿಕ್‌ಗೂ ನಾಲ್ಕೈದು ಸೆಕೆಂಡ್ ಬಿಡಿ, ಫ್ಲ್ಯಾಶ್ ಪೂರ್ತಿ ಚಾರ್ಜ್ ಆಗದಿದ್ದರೆ ಫ್ರೇಮ್ ಕಪ್ಪಾಗುತ್ತದೆ.

ತೊಳೆಯುವುದು: ಸೀಮೆಎಣ್ಣೆಯಲ್ಲಿ ಹಲ್ಲುಜ್ಜುವ ಬ್ರಷ್, ಆಮೇಲೆ ಥಿನ್ನರ್, ಆಮೇಲೆ ಗ್ಲೌಸ್ ಇಲ್ಲದೆ ಮುಟ್ಟಬಾರದು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಹತ್ತಿರ ಮಳೆ ಸುರಿಯುವ ಊರು ನಮ್ಮದು, ಮೇಲಿನಿಂದ ಕಡಲಿನ ಉಪ್ಪುಗಾಳಿ. ಜೋರು ಮಳೆಯ ಆಟಿ ತಿಂಗಳಲ್ಲಿ ಎಣ್ಣೆ ತೆಗೆದ ಬಿಟ್ ಬೆಳಿಗ್ಗೆ ಇಟ್ಟರೆ ಸಂಜೆಗೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು. ತೊಳೆದ ಗಂಟೆಯೊಳಗೆ ಫೋಟೋ ಮುಗಿಸಿ ಹೊಲಿಗೆ ಮಿಷನ್ ಎಣ್ಣೆ ಹಚ್ಚಿಡಿ.

ಪೇರಿಸಲು ಹಣ ಕೊಟ್ಟು ಸಾಫ್ಟ್‌ವೇರ್ ಕೊಳ್ಳಬೇಕಿಲ್ಲ. ಫ್ರೇಮ್ ಹೊಂದಿಸಲು ಹ್ಯೂಗಿನ್ ಎಂಬ ಸಾಫ್ಟ್‌ವೇರ್ ಜೊತೆ ಬರುವ ಅಲೈನ್ ಇಮೇಜ್ ಸ್ಟ್ಯಾಕ್, ಆಮೇಲೆ ಪೇರಿಸಲು ಎನ್‌ಫ್ಯೂಸ್, ಎರಡೂ ಉಚಿತ. ಎನ್‌ಫ್ಯೂಸ್‌ನಲ್ಲಿ ಎಕ್ಸ್‌ಪೋಷರ್ ಮತ್ತು ಸ್ಯಾಚುರೇಷನ್ ತೂಕ 0, ಕಾಂಟ್ರಾಸ್ಟ್ 1, ಹಾರ್ಡ್ ಮಾಸ್ಕ್ ಆನ್. ಹಾರ್ಡ್ ಮಾಸ್ಕ್ ಮರೆತರೆ ಚಿತ್ರ ಮಂಜು ಕವಿದಂತಾಗುತ್ತದೆ. ಅಂಚಿನ ಸುತ್ತ ಪ್ರಭೆ ಉಳಿದರೆ ಹಿನ್ನೆಲೆಯನ್ನು ಇನ್ನೂ ಹತ್ತು ಸೆಂಟಿಮೀಟರ್ ಹಿಂದಕ್ಕೆ ಹಾಕಿ.

ಅರ ಮತ್ತು ಹ್ಯಾಕ್ಸಾ ಬ್ಲೇಡ್‌ಗೆ ಈ ಸರ್ಕಸ್ಸೇ ಬೇಡ. ಗುಜರಿಯಲ್ಲಿ ಸಿಗುವ ಹಳೆಯ, ದಪ್ಪನೆಯ ಸಿಸಿಡಿ ಸ್ಕ್ಯಾನರ್ ಮೇಲೆ ಮಲಗಿಸಿ 1200 ಡಿಪಿಐಗೆ ಸ್ಕ್ಯಾನ್ ಮಾಡಿ. ಮಿಲಿಮೀಟರ್‌ಗೆ 47 ಚುಕ್ಕಿ, ಅರದ ಹಲ್ಲುಗಳ ನಡುವೆ ಸಿಕ್ಕಿಕೊಂಡ ಅಲ್ಯೂಮಿನಿಯಂ ಸಹ ಕಾಣುತ್ತದೆ. ತೆಳ್ಳಗಿನ ಹೊಸ ಸ್ಕ್ಯಾನರ್‌ಗಳದ್ದು ಸಿಐಎಸ್, ಗಾಜಿನಿಂದ ಕೂದಲೆಳೆ ಮೇಲಕ್ಕೆದ್ದರೂ ಮಸುಕು. ಗಾಜಿನ ಮೇಲೆ ಓಎಚ್‌ಪಿ ಶೀಟ್ ಹಾಸಲು ಮರೆಯಬೇಡಿ.

ಹಿನ್ನೆಲೆಗೆ ಅಡಿಕೆ ಹಾಳೆ ಹಾಕಿ ನೋಡಿದೆ. ಅದರ ನಾರು ಬಿಟ್‌ಗಿಂತ ಚೆನ್ನಾಗಿ ಬಂದು ಬಿಟ್ಟನ್ನೇ ನುಂಗಿತು. ಮುರಕಲ್ಲಿನ ಹಲಗೆ ಒದ್ದೆ ಮಾಡಿದರೆ ಬಣ್ಣ ಸೊಗಸು, ಆದರೆ ಕೆಂಪು ಹುಡಿ ವೈಸ್‌ನ ಎಳೆಗೆ ಹೋಗಿ ಕರಕರ. ಈಗ ಬೂದು ಚಾರ್ಟ್ ಪೇಪರ್, ಹತ್ತು ರೂಪಾಯಿ. ಕೊರೆದಾಗ ಬೀಳುವ ಸುರುಳಿ ಚೂರುಗಳೂ ಒಳ್ಳೆಯ ವಸ್ತು: ಮೈಲ್ಡ್ ಸ್ಟೀಲ್‌ನದ್ದು ಉದ್ದ ಸುರುಳಿ, ಹಿತ್ತಾಳೆಯದ್ದು ಪುಡಿ ಪುಡಿ, ಬೀಡಿನದ್ದು ಮಸಿ.

ತೂತಿನ ಒಳಗೆ ಎಳೆ ಕೊರೆಯುವ ಟ್ಯಾಪ್‌ಗಳದ್ದು ಇನ್ನೂ ಬಗೆಹರಿದಿಲ್ಲ. ನಾಲ್ಕು ಫ್ಲೂಟ್, ನಡುವೆ ಎಳೆ, ಒಂದಕ್ಕೆ ಕಪ್ಪು ಪಟ್ಟಿ ಸರಿಹೋದರೆ ಪಕ್ಕದ್ದು ಸತ್ತುಹೋಗುತ್ತದೆ. ಎಂ6 ಟ್ಯಾಪನ್ನು ಎರಡು ಬೆಳಕಿನಲ್ಲಿ ಬೇರೆ ಬೇರೆ ಸರಣಿ ತೆಗೆದು ಕೊನೆಗೆ ಸೇರಿಸುವುದು ಸದ್ಯಕ್ಕೆ ನಡೆಯುತ್ತಿದೆ, ಆದರೆ ಫ್ರೇಮ್ ದುಪ್ಪಟ್ಟು, ಸೆಲ್ಲೂ ದುಪ್ಪಟ್ಟು.